ಶಾಲೆಯ ಬಿಸಿಯೂಟ ಸರಿಯಿದೆಯಾ? ಹೋಗಿ ನೋಡುವುದು ಹೀಗೆ

ಮಂಡ್ಯ ಕಡೆ ಕಬ್ಬು ಕಡಿಯಲು, ನಾಟಿಗೆ ಹೋಗುವ ಅಪ್ಪ ಅಮ್ಮ ಬೆಳಿಗ್ಗೆಯೇ ಮನೆ ಬಿಡುತ್ತಾರೆ. ಮಧ್ಯಾಹ್ನ ಮನೆಗೆ ಹೋದ ಮಗು ಮತ್ತೆ ತರಗತಿಗೆ ಬರುವುದು ಕಷ್ಟ ಅಲ್ವಾ? ಅದಕ್ಕೇ ಬಿಸಿಯೂಟ ಬೇಕು. ಸುಮ್ನೆ ಹೊಟ್ಟೆ ತುಂಬಿದರೆ ಸಾಲದು, ಪೌಷ್ಟಿಕವಾಗಿಯೂ ಇರಬೇಕು. ಹಾಗಿದೆಯೋ ಇಲ್ಲವೋ ಅಂತ ಪೋಷಕರೇ ನೋಡಬಹುದು.

ಮೊದಲು ಲೆಕ್ಕ ತಿಳಿದುಕೊಳ್ಳಿ. ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರೆಗೆ ಇದೇ ಲೆಕ್ಕ ಒಂದೂವರೆ ಪಟ್ಟು. ಅಂದರೆ 40 ಚಿಕ್ಕ ಮಕ್ಕಳು ಊಟಕ್ಕೆ ಕೂತ ದಿನ 800 ಗ್ರಾಂ ಬೇಳೆ, ಎರಡು ಕಿಲೋ ತರಕಾರಿ ಪಾತ್ರೆಗೆ ಬಿದ್ದಿರಬೇಕು. ಸಾಂಬಾರ್ ನೀರು ನೀರಾಗಿದೆ ಅನ್ನಿಸಿದರೆ ಅಡುಗೆಯ ಅಕ್ಕನ ಮೇಲೆ ಕೂಗಾಡಬೇಡಿ, ಆಕೆಗೆ ಸಿಗುವ ಗೌರವಧನವೇ ಕಡಿಮೆ, ಕೊಟ್ಟಷ್ಟರಲ್ಲೇ ಆಕೆ ಬೇಯಿಸಬೇಕು. ಮುಖ್ಯ ಶಿಕ್ಷಕರ ಹತ್ತಿರ ಕೂತು ದಾಸ್ತಾನು ಪುಸ್ತಕ ನೋಡಿ. ಅದರ ಪಕ್ಕದಲ್ಲೇ ಹಾಜರಿ ಪುಸ್ತಕವನ್ನೂ ಇಟ್ಟುಕೊಳ್ಳಿ. ಶಾಲೆಗೆ ಬಂದವರೆಷ್ಟು, ಊಟ ಮಾಡಿದವರೆಷ್ಟು ಅನ್ನುವುದು ತಾಳೆಯಾಗಬೇಕು. ಮೊಟ್ಟೆ ಕೊಡುವ ದಿನ ಹಾಜರಿ ಜಾಸ್ತಿಯಾಗುತ್ತದಾ ಅಂತಲೂ ಗಮನಿಸಿ, ಮಕ್ಕಳು ಯಾವುದಕ್ಕೆ ಓಡಿ ಬರುತ್ತಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಆಮೇಲೆ ಅಡುಗೆ ಮನೆ. ಕುಡಿಯುವ ನೀರು ಮುಚ್ಚಿಟ್ಟಿದ್ದಾರಾ, ಅಕ್ಕಿ ಮೂಟೆ ನೆಲಕ್ಕೆ ತಾಗದ ಹಾಗೆ ಇಟ್ಟಿದ್ದಾರಾ ನೋಡಿ, ಅಷ್ಟು ಸಾಕು. ಬಡಿಸುವ ಮುಂಚೆ ಒಬ್ಬ ಶಿಕ್ಷಕರಾದರೂ ರುಚಿ ನೋಡಲೇಬೇಕು ಅನ್ನುವ ನಿಯಮವಿದೆ. ನೀವೂ ಒಂದು ತುತ್ತು ತಿನ್ನಿ. ಮಕ್ಕಳ ಜೊತೆ ಸಾಲಿನಲ್ಲೇ ಕೂತರೆ ಇನ್ನೂ ಒಳ್ಳೆಯದು, ಯಾವ ಮಗು ತಟ್ಟೆಯಲ್ಲಿ ಏನು ಬಿಡುತ್ತದೆ ಅಂತ ಅಲ್ಲೇ ಕಾಣುತ್ತದೆ.

ಶಾಲೆ ನಡೆದ ದಿನ ಅಕ್ಕಿ ಬಂದಿಲ್ಲ, ಗ್ಯಾಸ್ ಇಲ್ಲ ಅಂತ ಊಟ ತಪ್ಪಿದರೆ ಸುಮ್ಮನಿರಬೇಡಿ. 2015ರ ನಿಯಮದ ಪ್ರಕಾರ ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು. ಸತತ ಮೂರು ದಿನ ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಯಾರು ಹೊಣೆ ಅಂತ ಸರ್ಕಾರ ಗೊತ್ತು ಮಾಡಬೇಕು.

ದೂರು ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಹೇಳಿ. ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ) ಸಹಾಯಕ ನಿರ್ದೇಶಕರಿಗೆ ಅರ್ಜಿ ಬರೆಯಿರಿ. ತಾರೀಖು, ಅವತ್ತಿನ ಅಡುಗೆ, ಮಕ್ಕಳ ಸಂಖ್ಯೆ ಮೂರೂ ಅದರಲ್ಲಿರಲಿ. ಸೀಲು ಹಾಕಿಸಿದ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.