ಕಂಪ್ರೆಸರ್ ಬ್ರಾಕೆಟ್ ಬಿರುಕು ಬಿಟ್ಟಿತ್ತು, ಹೀಗೆ ಸರಿ ಮಾಡಿದೆ

ಗಾಡಿಯ ಬಾನೆಟ್ ಒಳಗೆ ಟೈರ್‌ಗೆ ಗಾಳಿ ತುಂಬುವ ಏರ್ ಕಂಪ್ರೆಸರ್ ಕೂರಿಸಿದ ಮೇಲೆ ಕಲ್ಲು ದಾರಿಯಲ್ಲೆಲ್ಲ ಕಟಕಟ ಸದ್ದು. ಬೋಲ್ಟ್ ಬಿಗಿ ಮಾಡಿದರೂ ಹೋಗಲಿಲ್ಲ. ಟಾರ್ಚ್ ಹಿಡಿದು ನೋಡಿದರೆ, ಕಂಪ್ರೆಸರ್ ಹಿಡಿದಿಡುವ ಬ್ರಾಕೆಟ್ ಮಡಚಿದ ಜಾಗದಲ್ಲೇ ಕೂದಲೆಳೆಯಷ್ಟು ಬಿರುಕು, ಅದರ ಅಂಚಿಗೆ ತುಕ್ಕಿನ ಪುಡಿ.

ತಗಡು ಬರೀ 2 ಮಿ.ಮೀ. ದಪ್ಪ. ಭಾರವೆಲ್ಲ ಒಂದೇ ಬದಿಗೆ ನೇತಾಡುತ್ತಿತ್ತು, ಬಿರುಕು ಬಿಡದೆ ಇರುತ್ತಾ? 4 ಮಿ.ಮೀ. ಪಟ್ಟಿಯಲ್ಲಿ ಹೊಸದು ಮಾಡಿಸಿದೆ. ಮಡಿಕೆಗೆ ತ್ರಿಕೋನದ ಆಸರೆ ತುಂಡು ವೆಲ್ಡ್ ಮಾಡಿಸಿದೆ. ಕೆಳಗೆ ರಬ್ಬರ್ ಬುಷ್, ಮೇಲೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಸುಲಭಕ್ಕೆ ಸಡಿಲವಾಗದ ನಟ್). ಬರೀ ಸ್ಪ್ರಿಂಗ್ ವಾಷರ್ ನಂಬಬೇಡಿ.

ತೂತು ಕೊರೆಯುವ ಮೊದಲು ಕಂಪ್ರೆಸರ್ ತಲೆ ಮೇಲೆ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮುಚ್ಚಿದೆ. ಉಂಡೆ ಎಷ್ಟು ಚಪ್ಪಟೆಯಾಯಿತು ಅಂತ ನೋಡಿದರೆ ಉಳಿದ ಜಾಗ ಗೊತ್ತಾಗುತ್ತದೆ, ಅಲ್ವಾ? ಕಂಪ್ರೆಸರ್‌ನಿಂದ ಹೊರಬರುವ ಗಾಳಿ ಜಾಸ್ತಿ ಬಿಸಿ, ಹಾಗಾಗಿ ಅಲ್ಲಿಗೆ ಸ್ಟೀಲ್ ಹೆಣಿಗೆಯ ಹೋಸ್. ಈಗ ನಾಲ್ಕೂ ಟೈರ್ ತುಂಬಿಸಿದರೂ ಬ್ರಾಕೆಟ್ ಅಲುಗಾಡುವುದಿಲ್ಲ.