ಬೆಂಡಿನ ಬದಲು ಹಳದಿ ದಾರ: ಬಾಸ್ ಮೀನು ಹಿಡಿದ ನನ್ನ ಅನುಭವ

"ಪ್ಲಾಸ್ಟಿಕ್ ಹುಳ ಎಸೆದು ಸುಮ್ನೆ ಕೂತ್ರೆ ಬಾಸ್ ಬರುತ್ತೇನ್ರೀ?" ಅಂತ ನಕ್ಕವರೇ ಈಗ ಶನಿವಾರ ಬೆಳಗ್ಗೆ ಫೋನ್ ಮಾಡಿ, ಯಾವ ಬಣ್ಣದ್ದು ತರಲಿ ಅಂತ ಕೇಳುತ್ತಾರೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಡಲ್ಲಾಸ್‌ಗೆ ಬಂದ ಹೊಸದರಲ್ಲಿ ನಾನೂ ಕ್ರ್ಯಾಂಕ್‌ಬೇಟ್ ಎಂಬ ನಕಲಿ ಮೀನಿನ ಲೂರ್ ಎಸೆದವನೇ. ಇಲ್ಲಿನ ಲೇಕ್ ಫೋರ್ಕ್ ಜಲಾಶಯದ ನೀರೊಳಗೆ ಎಷ್ಟು ಮರ ನಿಂತಿವೆ ಅಂತ ಹೋದವರಿಗೆ ಗೊತ್ತು. ಒಂದೊಂದು ಲೂರ್ 7–8 ಡಾಲರ್. ಒಂದೇ ಬೆಳಗ್ಗೆ ನಾಲ್ಕನ್ನು ಆ ಮರಗಳಿಗೆ ನೇತುಹಾಕಿ ಬಂದೆ. ಬೇಟ್‌ಕಾಸ್ಟರ್ ರೀಲ್‌ನಲ್ಲಿ ಗುಬ್ಬಿ ಗೂಡಿನ ಹಾಗೆ ಸಿಕ್ಕಾದ ದಾರ ಬಿಡಿಸುತ್ತ ಕಳೆದ ಹೊತ್ತು ಬೇರೆ. ಮೊದಲ ವರ್ಷದ ಖರ್ಚು 600 ಡಾಲರ್ ದಾಟಿತ್ತು. ಮೀನು ಹತ್ತೋ ಹನ್ನೊಂದೋ.

ಆಮೇಲೆ ಸೆಂಕೊ ಎಂಬ ಪ್ಲಾಸ್ಟಿಕ್ ಹುಳ ಹಿಡಿದೆ. 5 ಇಂಚು, ಗ್ರೀನ್ ಪಂಪ್ಕಿನ್ ಬಣ್ಣ, ತೂಕ ಕಟ್ಟದೆ ವ್ಯಾಕಿ ರಿಗ್, ಅಂದರೆ ಹುಳದ ನಡುವಿಗೆ ಕೊಕ್ಕೆ. ಉಪ್ಪು ಬೆರೆತ ಪ್ಲಾಸ್ಟಿಕ್, ತಾನೇ ಇಳಿಯುತ್ತದೆ. ಇಳಿಯುವಾಗ ಎರಡೂ ತುದಿ ನಡುಗುತ್ತವೆ. ರಾಡ್ ಆಡಿಸದೆ ಇರುವುದೇ ಕಷ್ಟ.

ದಾರದಲ್ಲಿ ತಿಂದ ಏಟೇ ಜಾಸ್ತಿ. ಪೂರ್ತಿ ಫ್ಲೋರೋಕಾರ್ಬನ್ ಎಂಬ ಗಡುಸು ದಾರ ಸುತ್ತಿದರೆ ಸ್ಪಿನ್ನಿಂಗ್ ರೀಲ್‌ನಿಂದ ಸ್ಪ್ರಿಂಗ್ ಥರ ಚಿಮ್ಮಿತು. ಮೋನೋ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ಹಿಗ್ಗುತ್ತದೆ, ದೂರದಲ್ಲಿ ಕೊಕ್ಕೆ ಕಚ್ಚಲ್ಲ. ಕೊನೆಗೆ ಹೆಣೆದ ದಾರ, ಬ್ರೇಡ್, ಸುತ್ತಿದೆ. ಅದರಲ್ಲೇ ಒಂದು ದೊಡ್ಡ ಮೀನು ಕಳೆದುಕೊಂಡೆ. ಹ್ಯಾಂಡಲ್ ತಿರುಗಿಸುತ್ತಿದ್ದೇನೆ, ದಾರ ಒಳಗೆ ಬರುತ್ತಿಲ್ಲ. ರೀಲ್‌ನ ಬ್ರೇಕಿನಂಥ ಡ್ರ್ಯಾಗ್ ಬಿಗಿ ಮಾಡಿದೆ, ಇಲ್ಲ. ಇನ್ನೂ ಬಿಗಿ ಮಾಡಿದೆ, ಇಲ್ಲ. ಅದು ಒಮ್ಮೆ ನೆಗೆದು, ತಲೆ ಕೊಡವಿ ಹೋಗೇಬಿಟ್ಟಿತು. ಅಂಗಡಿಯವನು ಡ್ರ್ಯಾಗ್ ಹಾಳಾಗಿದೆ ಅಂತ 90 ಡಾಲರ್ ರೀಲ್ ತೋರಿಸಿದ. ಮನೆಗೆ ಬಂದು ನೋಡಿದರೆ, ದಾರ ಸುತ್ತುವ ನುಣ್ಣನೆಯ ಸ್ಪೂಲ್ ಮೇಲೆ ಬ್ರೇಡ್ ಪೂರ್ತಿ ಸಡಿಲ ಬಳೆಯ ಹಾಗೆ ಗಿರಗಿರ ಸುತ್ತುತ್ತಿದೆ! ಬ್ರೇಡ್‌ನ ಕೆಳಗೆ, ಸ್ಪೂಲ್‌ಗೆ ಮೊದಲು ಹದಿನೈದಿಪ್ಪತ್ತು ಸುತ್ತು ಮೋನೋ ಹಾಕಿದೆ. ಅದೇ ಹಳೇ ರೀಲ್ ಇವತ್ತಿಗೂ ಓಡುತ್ತಿದೆ.

ಈಗ 10 ಪೌಂಡ್ ಎಳೆತ ತಡೆಯುವ ಹಳದಿ ಬ್ರೇಡ್, ತುದಿಗೆ ಆರೇಳು ಅಡಿ 8 ಪೌಂಡ್ ಫ್ಲೋರೋ, ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು. ಎಂಜಲು ಹಚ್ಚದೆ ಗಂಟು ಬಿಗಿಯಬೇಡಿ. ಹಳದಿ ಕಂಡರೆ ಮೀನು ಓಡುತ್ತೆ ಅಂದವರು ಬಹಳ. ಆದರೆ ನೋಡಬೇಕಾದವನು ನಾನು, ಅಲ್ವಾ? ಹುಳ ಇಳಿಯುವಾಗಲೇ ಬಾಸ್ ಅದನ್ನು ಎಳೆದುಕೊಳ್ಳುತ್ತದೆ, ಕೈಗೆ ಏನೂ ತಿಳಿಯಲ್ಲ. ಸಡಿಲ ಬಿದ್ದ ದಾರ ನೀರಿನ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಊರ ಕೆರೆಯಲ್ಲಿ ನವಿಲುಗರಿ ದಂಟಿನ ಬೆಂಡು ನೋಡುತ್ತ ಕೂತವನಿಗೆ ಇಷ್ಟು ಸಾಕು.

ಹತ್ತು ಹುಳದ ಪ್ಯಾಕೆಟ್ ಸುಮಾರು 8 ಡಾಲರ್. ಮೀನಿಗೊಂದರಂತೆ ಹರಿಯುತ್ತಿತ್ತು. ನಲ್ಲಿಗೆ ಹಾಕುವ ಓ-ರಿಂಗ್ ನಡುವಿಗೆ ತೊಡಿಸಿ, ಕೊಕ್ಕೆಯನ್ನು ಅದರಡಿ ತೂರಿಸಿದೆ. ಈಗ ಒಂದು ಹುಳಕ್ಕೆ ಐದಾರು ಮೀನು. ಹರಿದವನ್ನು ಕರಗಿಸಿ ಅಚ್ಚು ಹೊಯ್ಯಲು ಹೋಗಿ ಗ್ಯಾರೇಜ್ ತುಂಬ ಕೆಟ್ಟ ಹೊಗೆ ಎಬ್ಬಿಸಿದ್ದೂ ಆಯಿತು. ಅದು ಮಾತ್ರ ಬೇಡ. ಇನ್ನು, ಹುಳಕ್ಕೆ ಸವರುವ ಒಂದು ವಾಸನೆ ಇದೆ. ಇಂಗು ಅಂತ ಒಬ್ಬರ ಅನುಮಾನ. ಅಡುಗೆಮನೆಯದೇ ಹೌದು, ಇಂಗಲ್ಲ. ಇಷ್ಟೇ ಹೇಳುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಫೋರ್ಕ್‌ಗೆ ಹೋಗಿದ್ದೆ, ಅದೇ ನಕ್ಕವರ ದೋಣಿಯಲ್ಲಿ. ಅವರಿಗೆ ಎರಡು, ನನಗೆ ಒಂಬತ್ತು. ಒಂದು 22 ಇಂಚು! ಅಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವಂತಿಲ್ಲ. ಫೋಟೋ ತೆಗೆದು ನೀರಿಗೆ ಬಿಟ್ಟೆ.

"ಇಷ್ಟು ದುಡ್ಡು ಸುರಿದು ಹಿಡಿದು, ಬಿಟ್ಟು ಬಂದ್ರಾ?" ಅಂದಳು ನನ್ನಾಕೆ. ಕೆಳದುಟಿ ಹಿಡಿದು ಹಿಡಿದು ಉಪ್ಪುಕಾಗದ ಉಜ್ಜಿದಂತೆ ತರಚಿದ್ದ ಹೆಬ್ಬೆರಳು ತೋರಿಸಿದೆ.