ಡಿಸೈಡ್ ಮಾಡಿದೆ, ಸಕ್ಸೆಸ್ ಆಯ್ತು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿದ ಹೊಸದರಲ್ಲಿ ನಾನೂ ‘ವ್ಯಕ್ತಿ, ಸ್ಥಳ, ವಸ್ತುವಿನ ಹೆಸರೇ ನೌನ್’ ಎಂದು ಬರೆಸುತ್ತಿದ್ದೆ. ಟೇಬಲ್, ಮೈಸೂರು, ರಾಮ ಇಷ್ಟಕ್ಕೆ ಆ ವ್ಯಾಖ್ಯೆ ಸಾಕು. ಆದರೆ ನೋಟ್‌ಬುಕ್ ತಿದ್ದಲು ಕೂತರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ: ‘ಐ ಆಮ್ ಕನ್‌ಫ್ಯೂಸ್’, ‘ಹಿ ಈಸ್ ಸಕ್ಸೆಸ್’, ‘ಮೈ ಡಿಸೈಡ್ ಈಸ್ ರೈಟ್’.

ಇದರ ಬೇರು ಸಿಕ್ಕಿದ್ದು ಸ್ಟಾಫ್ ರೂಮಿನಲ್ಲಿ, ನಮ್ಮದೇ ಮಾತಿಗೆ ಕಿವಿಗೊಟ್ಟಾಗ. ‘ಏನ್ ಡಿಸೈಡ್ ಮಾಡಿದ್ರಿ?’ ‘ನಂಗೆ ಕನ್‌ಫ್ಯೂಸ್ ಆಯ್ತು.’ ‘ಪ್ರೋಗ್ರಾಂ ಸಕ್ಸೆಸ್ ಆಯ್ತಲ್ಲ!’ ಇಂಗ್ಲಿಷಿನಲ್ಲಿ ಡಿಸೈಡ್ ಕ್ರಿಯಾಪದ, ಸಕ್ಸೆಸ್ ನಾಮಪದ. ಕನ್ನಡಕ್ಕೆ ಬಂದಮೇಲೆ ಆ ಭೇದ ಉಳಿಯುವುದಿಲ್ಲ. ಕ್ರಿಯೆಯ ಭಾರವನ್ನೆಲ್ಲ ನಮ್ಮ ‘ಮಾಡು’, ‘ಆಗು’ಗಳೇ ಹೊರುತ್ತವೆ. ಮಕ್ಕಳಿಗೆ ಪದದ ಅರ್ಥ ಚೆನ್ನಾಗಿ ಗೊತ್ತು, ಅದು ಕೂರುವ ಜಾಗ ಗೊತ್ತಿಲ್ಲ. ಇದನ್ನು ದಡ್ಡತನ ಎನ್ನುವವರನ್ನು ಕಂಡರೆ ನನಗೆ ಬೇಸರ. ಕನ್ನಡದ ರೂಢಿಯನ್ನು ಮೈಗೂಡಿಸಿಕೊಂಡವರಿಗೇ ಈ ತಪ್ಪು ಬರುವುದು.

ಹಾಗಾಗಿ ಕನ್ನಡದಿಂದಲೇ ಹೊರಟೆ. ನೋಡು–ನೋಟ, ಓಡು–ಓಟ, ಆಡು–ಆಟ. ‘ಓಟಕ್ಕೆ’, ‘ಓಟವನ್ನು’ ಅನ್ನುತ್ತೇವೆ. ಓಡು ಎಂಬ ಕ್ರಿಯೆಗೆ ‘ಕ್ಕೆ’ ಹಚ್ಚಲು ಹೋದರೆ ನಾಲಿಗೆಯೇ ತಡೆಯುತ್ತದೆ. ವಿಭಕ್ತಿ ಹತ್ತಿದರೆ ನಾಮಪದ ಎಂಬುದು ಮಕ್ಕಳಿಗೆ ಆಗಲೇ ಗೊತ್ತಿರುವ ವಿಷಯ. ಬಡವ–ಬಡತನ ಬರೆದು, ಪಕ್ಕದಲ್ಲಿ ಕೈಂಡ್–ಕೈಂಡ್‌ನೆಸ್ ಬರೆದೆ. ‘ತನ’ ಮಾಡುವ ಕೆಲಸವನ್ನೇ ಅಲ್ಲಿ ‘ನೆಸ್’ ಮಾಡುತ್ತಿದೆ ಎಂದು ಅವರೇ ಹೇಳಿದರು.

ಇಂಗ್ಲಿಷಿಗೆ ನಮ್ಮಂತೆ ವಿಭಕ್ತಿಗಳ ಸಾಲಿಲ್ಲ. ಅದಕ್ಕೆ ಬೋರ್ಡಿನ ಮೇಲೆ ಮೂರು ಖಾಲಿ ಜಾಗ ಬಿಟ್ಟೆ: ‘ಮೈ ___ ಈಸ್ ಗುಡ್’, ‘ಐ ಕ್ಯಾನ್ ___’, ‘ವೆರಿ ___’. ಮೊದಲನೆಯದು ನಾಮಪದದ ಜಾಗ, ಅಲ್ಲಿ ಡಿಸಿಷನ್, ಸಕ್ಸೆಸ್; ಎರಡನೆಯದು ಕ್ರಿಯಾಪದದ್ದು, ಡಿಸೈಡ್, ಸಕ್ಸೀಡ್; ಮೂರನೆಯದು ವಿಶೇಷಣದ್ದು, ಸಕ್ಸೆಸ್‌ಫುಲ್. ಪದವನ್ನು ಮೂರೂ ಕಡೆ ಕೂರಿಸಿ, ಜೋರಾಗಿ ಓದಿ ನೋಡಬೇಕು. ಬರೀ ಪ್ರತ್ಯಯ ನಂಬಿದರೆ ಕೈಕೊಡುತ್ತದೆ. ‘ಲಿ’ ಕಂಡದ್ದೆಲ್ಲ ಆಡ್ವರ್ಬ್, ಅಂದರೆ ಕ್ರಿಯಾವಿಶೇಷಣ, ಎಂದುಕೊಂಡವರು ‘ಫ್ರೆಂಡ್ಲಿ’ಯಲ್ಲಿ ಜಾರುತ್ತಾರೆ; ಅದು ವಿಶೇಷಣ. ‘ಅರೈವಲ್’ ನಾಮಪದ, ‘ನ್ಯಾಷನಲ್’ ವಿಶೇಷಣ, ಬಾಲ ಮಾತ್ರ ಒಂದೇ.

ಒಂದು ದಿನ ಎಂಟನೇ ಕ್ಲಾಸಿನ ಹುಡುಗಿ ‘ಪ್ರಾಮಿಸ್’ ಹಿಡಿದುಕೊಂಡು ಬೋರ್ಡಿನ ಹತ್ತಿರ ಬಂದಳು. ಎರಡು ಸಲ ಓದಿಕೊಂಡು, ‘ಮಿಸ್, ಇದು ಮೊದಲಿನ ಎರಡೂ ಕಡೆ ಕೂರ್ತದೆ. ಯಾವುದಂತ ಬರೀಲಿ?’ ಎಂದಳು. ಎರಡೂ ಬರಿ ಅಂದೆ. ಆಮೇಲೆ ಇಡೀ ಕ್ಲಾಸು ಅಂಥ ಪದ ಹುಡುಕಲು ನಿಂತಿತು. ಕ್ಯಾಚ್, ಹೆಲ್ಪ್, ವಾಕ್. ‘ವಾಟರ್’ ಅಂದಾಗ ಮಾತ್ರ ಜಗಳ: ನೀರು ಹೇಗೆ ಕ್ರಿಯಾಪದ? ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ‘ಐ ಕ್ಯಾನ್ ವಾಟರ್ ದ ಪ್ಲಾಂಟ್ಸ್’ ಎಂದ. ಅದನ್ನೂ ಪಟ್ಟಿಗೆ ಸೇರಿಸಿದೆವು.